ಮಾವಿನ ತೋಟ ಅಡ ಇಟ್ಟು ಮಗಳಿಗೆ ಪರಿಸರದ ಡಿಗ್ರಿ ಓದಿಸಬೇಕಾ?

ಪ್ರಶ್ನೆ: ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ರೈತ. ನಾಲ್ಕು ಎಕರೆ ಮಾವಿನ ತೋಟ ಇದೆ. ಎರಡು ಬೋರಿನಲ್ಲಿ ಒಂದು ಬತ್ತಿ ಹೋಗಿದೆ. ಮಗಳು ಈ ವರ್ಷ ಪಿಸಿಎಂಬಿ ತಗೊಂಡು ಪಿಯುಸಿ ಮುಗಿಸಿದ್ದಾಳೆ. ಚಿಕ್ಕವಳಿದ್ದಾಗಿನಿಂದ ಕೆರೆ, ಗಿಡ, ಹಕ್ಕಿ ಅಂದರೆ ಪ್ರಾಣ. ಸಿಇಟಿ ಬರೆದಿದ್ದಾಳೆ, ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಹೋಗಿ ಬಂದಿದ್ದಾಳೆ. ರ‍್ಯಾಂಕ್ ಅಷ್ಟಕ್ಕಷ್ಟೆ. ಈಗ ಒಂದು ಖಾಸಗಿ ವಿಶ್ವವಿದ್ಯಾಲಯದ ಕಡೆಯವರು ಮನೆಗೇ ಬಂದು, ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆಯಲ್ಲಿ ನಾಲ್ಕು ವರ್ಷದ ಡಿಗ್ರಿ ಇದೆ, ಕೆಲಸ ಗ್ಯಾರಂಟಿ ಅಂದರು. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ. ಒಟ್ಟು 10 ಲಕ್ಷ. ಬ್ಯಾಂಕಿನಲ್ಲಿ ತೋಟದ ಪತ್ರ ಇಡಿ ಅನ್ನುತ್ತಿದ್ದಾರೆ. ಹಾಕಿದ ದುಡ್ಡು ವಾಪಸ್ ಬರುತ್ತಾ? ಹೆಣ್ಣು ಮಗು ಈ ಕೆಲಸದಲ್ಲಿ ನೆಲೆ ನಿಲ್ಲುತ್ತಾಳಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಗಳನ್ನು ಈ ಓದಿಗೆ ಕಳಿಸಿ. ತೋಟದ ಪತ್ರವನ್ನು ಮಾತ್ರ ಬ್ಯಾಂಕಿಗೆ ಕಳಿಸಬೇಡಿ. ಎರಡೂ ಒಟ್ಟಿಗೆ ಆಗುತ್ತದಾ ಅಂತ ಕೇಳುತ್ತೀರಿ. ಆಗುತ್ತದೆ, ಆದರೆ ದಾರಿ ಬೇರೆ.

ನಾನು ಕೋಲಾರ, ಚಿಕ್ಕಬಳ್ಳಾಪುರ ಭಾಗದ ಜಲಾನಯನ ಕೆಲಸಗಳಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ಈ ಓದು ಓದಿ ಕೆಲಸ ಹುಡುಕಿಕೊಂಡು ಬಂದ ನೂರಾರು ಹುಡುಗ ಹುಡುಗಿಯರನ್ನು ಸಂದರ್ಶನ ಮಾಡಿದ್ದೇನೆ. ಕೆಲಸ ಸಿಗದೆ ವಾಪಸ್ ಹೋದವರ ಮುಖ ಈಗಲೂ ನೆನಪಿದೆ. ಅವರಲ್ಲಿ ಸುಮಾರು ಮಂದಿಗೆ ಬುದ್ಧಿ ಕಡಿಮೆ ಇರಲಿಲ್ಲ. ಓದಿಗೆ ಕೊಟ್ಟ ಬೆಲೆ ಜಾಸ್ತಿಯಾಗಿತ್ತು, ಅದೇ ಅವರನ್ನು ಮುಳುಗಿಸಿದ್ದು. ಸಾಲದ ಕಂತು ತಲೆ ಮೇಲಿರುವಾಗ ಇಪ್ಪತ್ತು ಸಾವಿರದ ಒಳ್ಳೆಯ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಸಾಲದ ಲೆಕ್ಕ ಮಾಡೋಣ. ಬಡ್ಡಿ ನೂರಕ್ಕೆ 10 ಅಂತ ಹಿಡಿಯೋಣ. ಪ್ರತಿ ವರ್ಷದ ಆರಂಭಕ್ಕೆ ಬ್ಯಾಂಕು ಎರಡೂವರೆ ಲಕ್ಷ ಕಾಲೇಜಿಗೆ ಕಟ್ಟುತ್ತದೆ. ಓದುವ ನಾಲ್ಕು ವರ್ಷ, ಅದಾದ ಮೇಲೆ ಒಂದು ವರ್ಷ ಕಂತು ಕೇಳುವುದಿಲ್ಲ. ಕೇಳುವುದಿಲ್ಲ ಅಂದರೆ ಬಡ್ಡಿ ನಿಂತಿದೆ ಅಂತಲ್ಲ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಆಮೇಲೆ ಮೂರು, ಆಮೇಲೆ ಎರಡು. ಸರಳ ಬಡ್ಡಿ ಹಾಕಿದರೂ ಮೂರೂವರೆ ಲಕ್ಷ. ಕಂತು ಶುರುವಾಗುವ ದಿನ ನಿಮ್ಮ ಮಗಳ ಹೆಸರಿನಲ್ಲಿ 13.5 ಲಕ್ಷ ಸಾಲ ಇರುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 17,840 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೂ 14,500.

ಈಗ ಆ ಕಡೆ ನೋಡಿ. ಡಿಗ್ರಿ ಮುಗಿಸಿದ ಹುಡುಗಿಗೆ ಸ್ವಯಂಸೇವಾ ಸಂಸ್ಥೆಯಲ್ಲೋ, ಪರಿಸರ ಕನ್ಸಲ್ಟೆನ್ಸಿಯಲ್ಲೋ ಮೊದಲ ಕೆಲಸಕ್ಕೆ ಕೈಗೆ 20ರಿಂದ 25 ಸಾವಿರ ಬಂದರೆ ನಾನು ಸರಿಯಾದ ಆರಂಭ ಅಂತಲೇ ಹೇಳುತ್ತೇನೆ. ಅದರಲ್ಲಿ 17,840 ಬ್ಯಾಂಕಿಗೆ ಹೋದರೆ ಊಟಕ್ಕೇನು, ಬಸ್ಸಿಗೇನು, ಬೆಂಗಳೂರಿನ ಪಿ.ಜಿ. ಬಾಡಿಗೆಗೇನು? ಕೊನೆಗೆ ಕಂತು ಕಟ್ಟುವವರು ನೀವೇ ಆಗುತ್ತೀರಿ. ಮಾವಿನ ಗತಿ ನಿಮಗೆ ಗೊತ್ತಿರುವುದೇ. 2025ರಲ್ಲಿ ತೋತಾಪುರಿ ಬೆಲೆ ಬಿದ್ದಾಗ ನಿಮ್ಮ ಊರಿನ ಜನವೇ ಬೀದಿಗೆ ಇಳಿದಿದ್ದರಲ್ವಾ? ಅಂಥ ವರ್ಷದಲ್ಲಿ ಕಂತು ತಪ್ಪಿದರೆ ತೋಟ ಉಳಿಯುವುದೇ ಕಷ್ಟ.

ಸಾಲದ ವಿಷಯದಲ್ಲಿ ಇನ್ನೊಂದು ಮಾತು. ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವುದಿಲ್ಲ. ಅದಕ್ಕೆ ಸರ್ಕಾರದ ಖಾತರಿ ನಿಧಿ ಇದೆ. ನಾಲ್ಕು ಲಕ್ಷದ ಒಳಗಾದರೆ ನಿಮ್ಮ ಕೈಯಿಂದ ಪಾಲು ಹಣವನ್ನೂ ಹಾಕಬೇಕಿಲ್ಲ. ನಿಮ್ಮ ಪಹಣಿ, ಪತ್ರ ಕೇಳುತ್ತಿರುವುದು ಮೊತ್ತ ಆ ಗೆರೆ ದಾಟಿದೆ ಅಂತ. ನಾನು ಇದನ್ನೇ ಒಂದು ಗುರುತು ಅಂತ ಇಟ್ಟುಕೊಂಡಿದ್ದೇನೆ. ಈ ಕ್ಷೇತ್ರದ ಮೊದಲ ಡಿಗ್ರಿಗೆ ಅಡಮಾನ ಬೇಕಾಗುವಷ್ಟು ಸಾಲ ಆಗುತ್ತಿದೆ ಅಂದರೆ ಆ ಸೀಟಿನ ಬೆಲೆ ಜಾಸ್ತಿಯಾಯಿತು. ಇನ್ನೂ ಬಿಗಿಯಾಗಿ ಹೇಳಬೇಕೆಂದರೆ, ಮೊದಲ ಕೆಲಸದಲ್ಲಿ ಒಂದು ವರ್ಷಕ್ಕೆ ಬರುವ ಸಂಬಳಕ್ಕಿಂತ ಒಟ್ಟು ಸಾಲ ಜಾಸ್ತಿ ಇರಬಾರದು. ತಿಂಗಳಿಗೆ 22 ಸಾವಿರ ಅಂದರೆ ವರ್ಷಕ್ಕೆ 2.64 ಲಕ್ಷ. ಅದರ ಆಸುಪಾಸಿನಲ್ಲೇ ನಿಲ್ಲಬೇಕು.

ಹಾಗಾದರೆ ಸರ್ಕಾರಿ ಸೀಟು ಸಿಕ್ಕರೆ? ಕೃಷಿ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಹಾಸ್ಟೆಲ್ಲು, ಊಟ, ಓಡಾಟ ಎಲ್ಲ ಸೇರಿ ಸಾಲ 3 ಲಕ್ಷ ಆಯಿತು ಅಂತ ಇಟ್ಟುಕೊಳ್ಳಿ. ಓದುವಾಗಲೇ ಬಡ್ಡಿಯನ್ನು ಅಷ್ಟಷ್ಟು ಕಟ್ಟುತ್ತಾ ಬಂದರೆ ಐದು ವರ್ಷದ ಕಂತು ತಿಂಗಳಿಗೆ 6,374. ಅದೇ ಹುಡುಗಿ, ಅದೇ 22 ಸಾವಿರ ಸಂಬಳ. ಈಗ ಅವಳು ಉಸಿರಾಡಬಹುದು, ಸ್ವಲ್ಪ ಉಳಿಸಲೂಬಹುದು. ಅಂದ ಹಾಗೆ, ಓದುವ ಕಾಲದಲ್ಲೇ ಬಡ್ಡಿ ಕಟ್ಟಿದರೆ ಹಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ಒಂದು ಪರ್ಸೆಂಟ್ ಬಿಡುತ್ತವೆ. ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ, ಕೇಳಿ. ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದರೆ ಓದುವ ಕಾಲದ ಬಡ್ಡಿಗೆ ಕೇಂದ್ರ ಸರ್ಕಾರದ ಸಹಾಯಧನವೂ ಇದೆ. ಅದು ಕೋರ್ಸು ಮತ್ತು ಕಾಲೇಜಿನ ಮಾನ್ಯತೆಯ ಮೇಲೆ ನಿಂತಿದೆ. ಅರ್ಜಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಹಿಂದುಳಿದ ವರ್ಗಕ್ಕೆ ಸೇರಿದವರಾದರೆ ದೇವರಾಜ ಅರಸು ನಿಗಮದ ಅರಿವು ಸಾಲವನ್ನೂ ವಿಚಾರಿಸಿ. ಸಿಇಟಿ ಮೂಲಕ ಸೀಟು ಪಡೆದವರಿಗೆ ಅದರ ಬಡ್ಡಿ ಬಹಳ ಕಡಿಮೆ.

ಈಗ ನನಗೆ ಹಣಕ್ಕಿಂತ ಜಾಸ್ತಿ ಭಯ ಹುಟ್ಟಿಸುವ ವಿಷಯಕ್ಕೆ ಬರುತ್ತೇನೆ. ಡಿಗ್ರಿಯ ಹೆಸರು.

ನಿಮ್ಮ ಮನೆಗೆ ಬಂದವರು ಹೇಳಿದ ಹೆಸರು ಕೇಳಲು ಚೆನ್ನಾಗಿದೆ. ಆದರೆ ಸರ್ಕಾರಿ ನೇಮಕಾತಿ ಅಧಿಸೂಚನೆಯಲ್ಲಿ ಆ ಹೆಸರು ಇರುತ್ತದಾ? ಕೆಲವು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಪರೀಕ್ಷೆ ಪಾಸಾಗಿದ್ದ. ದಾಖಲೆ ಪರಿಶೀಲನೆಯ ದಿನ ಅವನ ಡಿಗ್ರಿ ಪಟ್ಟಿಯಲ್ಲಿದ್ದ ಡಿಗ್ರಿಗೆ ತತ್ಸಮಾನ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಎದ್ದಿತ್ತು. ಅವನು ಓದಿದ್ದು ಮಣ್ಣು, ನೀರು, ಕಾಡು, ಎಲ್ಲವೂ ಸರಿಯೇ. ಸರ್ಟಿಫಿಕೇಟಿನ ಮೇಲಿದ್ದ ಹೆಸರು ಮಾತ್ರ ಹೊಸದು. ತತ್ಸಮಾನ ಅಂತ ಪತ್ರ ತರಲು ಆ ಕಚೇರಿ ಈ ಕಚೇರಿ ಅಲೆದ. ಅಷ್ಟರಲ್ಲಿ ಪಟ್ಟಿ ಹೊರಬಿದ್ದಿತ್ತು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಮಡಚುತ್ತಾ, ಬಿಚ್ಚುತ್ತಾ ನನ್ನ ಎದುರು ಕೂತಿದ್ದ. ನನಗೆ ಏನೂ ಹೇಳಲು ಆಗಲಿಲ್ಲ.

ಭಾರತೀಯ ಅರಣ್ಯ ಸೇವೆಯನ್ನೇ ತಗೊಳ್ಳಿ. ಐಎಫ್‌ಎಸ್ ಪರೀಕ್ಷೆಗೆ ಪದವಿಯಲ್ಲಿ ಪಶುಸಂಗೋಪನೆ, ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ವಿಷಯ ಇರಬೇಕು. ಇಲ್ಲವೇ ಪದವಿಯೇ ಕೃಷಿ, ಅರಣ್ಯ ವಿಜ್ಞಾನ ಅಥವಾ ಎಂಜಿನಿಯರಿಂಗ್ ಆಗಿರಬೇಕು. ಪರಿಸರ ವಿಜ್ಞಾನ ಅನ್ನುವ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಪರಿಸರ ಕಾಯುವ ದೊಡ್ಡ ಹುದ್ದೆಗೆ ಬರೀ ಪರಿಸರ ವಿಜ್ಞಾನ ಓದಿದವರು ಅರ್ಜಿ ಹಾಕುವಂತಿಲ್ಲ. ಇದನ್ನು ಮೊದಲ ವರ್ಷದಲ್ಲೇ ಯಾರಾದರೂ ಮಕ್ಕಳಿಗೆ ಹೇಳಬೇಕು. ಸುಮಾರು ಮಂದಿಗೆ ಕೊನೆಯ ವರ್ಷ ಗೊತ್ತಾಗುತ್ತದೆ.

ರಾಜ್ಯದಲ್ಲಿ ವಲಯ ಅರಣ್ಯಾಧಿಕಾರಿ ಹುದ್ದೆಯ ನೇರ ನೇಮಕಾತಿಯಲ್ಲಿ ಒಂದು ಪಾಲು ಅರಣ್ಯ ವಿಜ್ಞಾನ ಪದವೀಧರರಿಗೆ ಮೀಸಲು. ಆ ಪಾಲು ಎಷ್ಟಿರಬೇಕು ಅನ್ನುವುದು ಬದಲಾಗುತ್ತಾ ಬಂದಿದೆ. ಕಡಿಮೆ ಮಾಡಿದಾಗ ಶಿರಸಿ, ಪೊನ್ನಂಪೇಟೆ ಕಾಲೇಜಿನ ಮಕ್ಕಳು ತರಗತಿ ಬಿಟ್ಟು ಧರಣಿ ಕೂತಿದ್ದರು. ಒಂದು ಪರ್ಸೆಂಟ್ ಹೆಚ್ಚು ಕಡಿಮೆ ಆದರೂ ಅವರ ಬದುಕೇ ಆ ಕಡೆ ಈ ಕಡೆ ಆಗುತ್ತದೆ. ನಮ್ಮ ರಾಜ್ಯದ ಎರಡು ಸರ್ಕಾರಿ ಅರಣ್ಯ ಕಾಲೇಜುಗಳು ಇವೇ. ಎರಡೂ ಸಿಇಟಿ ಮೂಲಕ. ಬೇಕಾದ ಕಾಲೇಜು, ಕೋರ್ಸು ಆರಿಸುವ ಆಪ್ಷನ್ ಎಂಟ್ರಿಯಲ್ಲಿ ಎರಡನ್ನೂ ಹಾಕಿ. ದೂರ ಅಂತ ಬಿಡಬೇಡಿ.

ಆದರೆ ಅಷ್ಟಕ್ಕೇ ನಿಲ್ಲಬೇಡಿ. ನಿಮ್ಮ ಮಗಳಿಗೆ ಇಷ್ಟ ಇರುವುದು ಕೆರೆ, ಗಿಡ, ಮಣ್ಣು ಅಂದಿರಿ. ಈ ಕೆಲಸಕ್ಕೆ ಅರಣ್ಯ ಒಂದೇ ಬಾಗಿಲು ಅಂದುಕೊಳ್ಳಬೇಡಿ. ಬದು, ಕೃಷಿ ಹೊಂಡ, ಚೆಕ್ ಡ್ಯಾಂ ಕೆಲಸ ನೋಡುವ ಜಲಾನಯನ ಇಲಾಖೆಯಲ್ಲಿ ಕೂತಿರುವ ಅಧಿಕಾರಿಗಳು ಹೆಚ್ಚಾಗಿ ಕೃಷಿ ಇಲಾಖೆಯಿಂದ ಬಂದವರು. ಅಂದರೆ ಮಣ್ಣು ನೀರಿನ ಸಂರಕ್ಷಣೆಗೆ ಸರ್ಕಾರದೊಳಗಿನ ದೊಡ್ಡ ಬಾಗಿಲು ಬಿ.ಎಸ್ಸಿ. ಕೃಷಿ. 2024ರಲ್ಲಿ ಕೆಪಿಎಸ್‌ಸಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಸೇರಿ 945 ಹುದ್ದೆಗೆ ಅರ್ಜಿ ಕರೆದಿತ್ತು. ಐಎಫ್‌ಎಸ್‌ಗೆ 2023ರಿಂದ 2025ರವರೆಗೆ ಇಡೀ ದೇಶಕ್ಕೆ ಕರೆದದ್ದು ವರ್ಷಕ್ಕೆ ಸುಮಾರು 150. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಆದರೆ ಕೆಪಿಎಸ್‌ಸಿ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ, ಬಂದ ಮೇಲೂ ಆದೇಶ ಕೈಗೆ ಸೇರಲು ವರ್ಷ ಹಿಡಿಯುತ್ತದೆ. ಕಾಯುವ ಆ ಕಾಲಕ್ಕೂ ಒಂದು ಬೆಲೆ ಇದೆ. ಅದನ್ನು ನಾವು ಲೆಕ್ಕಕ್ಕೇ ತರುವುದಿಲ್ಲ.

ನಿಮಗೆ ಚಿಂತಾಮಣಿ ಹತ್ತಿರವೇ. ಅಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇದೆ. ಮಾವಿನ ತೋಟದಲ್ಲಿ ಬೆಳೆದ ಹುಡುಗಿಗೆ ತೋಟಗಾರಿಕೆ ಏನೂ ಹೊಸದಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುಖ್ಯ ಆವರಣ ಜಿಕೆವಿಕೆಯ ಕೃಷಿ ಎಂಜಿನಿಯರಿಂಗ್‌ನಲ್ಲಿ ಮಣ್ಣು ಮತ್ತು ನೀರು ಸಂರಕ್ಷಣೆ ಒಂದು ಮುಖ್ಯ ವಿಭಾಗ. ಪಿಸಿಎಂಬಿ ಓದಿರುವುದರಿಂದ ಗಣಿತವೂ ಇದೆ, ಆ ದಾರಿಯೂ ತೆರೆದಿದೆ. ಪ್ರಾಯೋಗಿಕ ಪರೀಕ್ಷೆಗೆ ಹೋಗಿ ಬಂದಿದ್ದಾಳೆ ಅಂದಿರಿ. ಬೀಜ, ಗೊಬ್ಬರ, ಸಲಕರಣೆ ಗುರುತು ಹಿಡಿಯುವ ಪರೀಕ್ಷೆ ಅದು. ಸಿಟಿಯ ಮಕ್ಕಳು ಪುಸ್ತಕ ನೋಡಿ ಕಲಿಯುವುದನ್ನು ನಿಮ್ಮ ಮಗಳು ಕೈಯಲ್ಲಿ ಹಿಡಿದು ಬೆಳೆದಿದ್ದಾಳೆ. ಅದಕ್ಕೇ ಹೇಳುತ್ತೇನೆ, ರ‍್ಯಾಂಕ್ ನೋಡಿ ಈಗಲೇ ಕೈ ಚೆಲ್ಲಬೇಡಿ. ಮೊದಲ ಸುತ್ತು, ಎರಡನೇ ಸುತ್ತು, ಉಳಿದ ಸೀಟಿನ ಸುತ್ತು ಎಲ್ಲವನ್ನೂ ನೋಡಿ. ಖಾಸಗಿಯವರು ಈಗಲೇ ಅಡ್ವಾನ್ಸ್ ಕಟ್ಟಿ ಅಂತ ಅವಸರ ಮಾಡುತ್ತಾರೆ. ಈ ಸುತ್ತುಗಳು ಮುಗಿಯುವ ಮೊದಲು ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಎಲ್ಲ ಸುತ್ತು ಮುಗಿದರೂ ಸೀಟು ಬರಲಿಲ್ಲ ಅಂದುಕೊಳ್ಳಿ. ಆಗಲೂ ನಾನು 10 ಲಕ್ಷದ ಕಡೆ ತಿರುಗುವುದಿಲ್ಲ. ಮನೆಯಿಂದ ಹೋಗಿ ಬರುವ ದೂರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಲಿ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ಅಥವಾ ಸಿಕ್ಕರೆ ಭೂವಿಜ್ಞಾನ ಇರಲಿ. ಆಗ ಐಎಫ್‌ಎಸ್ ಬಾಗಿಲೂ ಮುಚ್ಚುವುದಿಲ್ಲ. ಉಳಿಸಿದ ದುಡ್ಡು ಸ್ನಾತಕೋತ್ತರಕ್ಕೆ ಇಟ್ಟುಕೊಳ್ಳಿ. ಈ ಕ್ಷೇತ್ರದಲ್ಲಿ ಖರ್ಚು ಮಾಡುವುದೇ ಆದರೆ ಎರಡನೇ ಡಿಗ್ರಿಗೆ ಮಾಡಿ. ಮೊದಲ ಡಿಗ್ರಿ ಅರ್ಜಿ ಹಾಕುವ ಅರ್ಹತೆ ಕೊಡುತ್ತದೆ, ಸಂಬಳ ಏರುವುದು ಎರಡನೆಯದರಿಂದ.

ಭೂವಿಜ್ಞಾನದ ಹೆಸರು ಎತ್ತಿದ್ದಕ್ಕೆ ಕಾರಣ ಇದೆ. ನಮ್ಮ ಜಿಲ್ಲೆಗಳಲ್ಲಿ ಬೋರು ಕೊರೆಸುವಾಗ ಪಾಯಿಂಟ್ ಹೇಳಲು ಯಾರು ಬರುತ್ತಾರೆ? ತೆಂಗಿನಕಾಯಿ ಅಂಗೈ ಮೇಲೆ ಇಟ್ಟುಕೊಂಡು ನಡೆಯುವವರು, ಬೇವಿನ ಕವೆ ಹಿಡಿದವರು. ಸಾವಿರ ಅಡಿ, ಸಾವಿರದ ಇನ್ನೂರು ಅಡಿ ಕೊರೆದರೂ ದೂಳೇ ಹಾರುತ್ತದೆ. ಒಂದು ಬೋರು ಫೇಲ್ ಆದರೆ ಎಷ್ಟು ಹೋಗುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಭೂವಿಜ್ಞಾನ ಓದಿ, ಭೂಮಿಗೆ ಕರೆಂಟು ಹಾಯಿಸಿ ಬಂಡೆಯ ಬಿರುಕು ಪತ್ತೆ ಮಾಡುವ ಯಂತ್ರ ಇಟ್ಟುಕೊಂಡವರಿಗೆ ಕೋಲಾರದಿಂದ ಪಾವಗಡದವರೆಗೆ ಕೆಲಸಕ್ಕೆ ಬರ ಇಲ್ಲ. ಅವರೂ ಪ್ರತಿ ಸಲ ನೀರು ತೋರಿಸುತ್ತಾರೆ ಅಂತಲ್ಲ. ಆದರೆ ಇಲ್ಲಿ ಕೊರೆಯಬೇಡಿ ಅಂತ ಧೈರ್ಯವಾಗಿ ಹೇಳಬಲ್ಲರು. ಆ ಒಂದು ಮಾತಿನಿಂದಲೇ ಒಂದು ಮನೆ ಸಾಲದಿಂದ ಉಳಿಯುತ್ತದೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದರೆ ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆಯೂ ಇದೆ. ಹುಡುಗಿಯರು ಈ ಕಡೆ ಬರುವುದು ಕಡಿಮೆ. ಬರಬೇಕು ಅನ್ನುವುದು ನನ್ನ ಆಸೆ.

ಇನ್ನು ಕೆಲಸ ಎಲ್ಲಿದೆ ಅನ್ನುವ ಪ್ರಶ್ನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿ ಇಲ್ಲ. ಅದಕ್ಕೇ ಇಲ್ಲಿ ನೀರಿನ ಕೆಲಸ ಮುಗಿಯುವುದೂ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವ ಯೋಜನೆ ಅದು. ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ. ಬತ್ತಿದ್ದ ಬೋರುಗಳಲ್ಲಿ ನೀರು ಕಂಡ ಊರುಗಳಿವೆ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಡುತ್ತಿರುವವರೂ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಇಷ್ಟು ಕೆರೆಗಳ ನೀರನ್ನು, ಕೆಳಗಿನ ಬಾವಿಗಳ ನೀರನ್ನು, ಅದೇ ನೀರಲ್ಲಿ ಬೆಳೆದ ಸೊಪ್ಪು ತರಕಾರಿಯನ್ನು ಯಾರಾದರೂ ಪರೀಕ್ಷೆ ಮಾಡುತ್ತಲೇ ಇರಬೇಕಲ್ವಾ? ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ಕಾಟ. ಚಿಕ್ಕನಾಯಕನಹಳ್ಳಿಯಲ್ಲಿ ಗಣಿ. ನರಸಾಪುರ, ಮಾಲೂರು, ವಸಂತನರಸಾಪುರ, ಗೌರಿಬಿದನೂರಿನಲ್ಲಿ ಕಾರ್ಖಾನೆ. ಕಾರ್ಖಾನೆ ಅಂದ ಮೇಲೆ ತ್ಯಾಜ್ಯ ನೀರಿನ ಘಟಕ, ಅದಕ್ಕೆ ಲ್ಯಾಬು, ಲ್ಯಾಬಿಗೆ ರಸಾಯನಶಾಸ್ತ್ರ ಗೊತ್ತಿರುವವರು ಬೇಕು. 2022–23ರಿಂದ ಷೇರುಪೇಟೆಯ ದೊಡ್ಡ ಸಾವಿರ ಕಂಪನಿಗಳು ತಾವು ಎಷ್ಟು ನೀರು, ಎಷ್ಟು ವಿದ್ಯುತ್ ಬಳಸಿದೆವು ಅಂತ ಪ್ರತಿ ವರ್ಷ ವರದಿ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ಮಾಡಿದೆ. ಆ ವರದಿ ಮಾಡುವ ಕೆಲಸಗಳು ಬೆಂಗಳೂರಿನಲ್ಲಿವೆ. ಹೊಲದ ಕೆಲಸಕ್ಕಿಂತ ಅಲ್ಲಿ ಸಂಬಳ ಜಾಸ್ತಿ. ಅದಕ್ಕೆ ಅಂಕಿ ಅಂಶ, ಎಕ್ಸೆಲ್, ಇಂಗ್ಲಿಷ್ ಬರವಣಿಗೆ ಚೆನ್ನಾಗಿರಬೇಕು.

ಯೋಜನೆಗಳ ಕೆಲಸದ ಬಗ್ಗೆ ಮಾತ್ರ ಎಚ್ಚರ ಇರಲಿ. ಜಲಾನಯನದ ಸುಜಲ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು ಸೇರಿ ಐದು ಜಿಲ್ಲೆಯಲ್ಲಿ ನಡೆಯಿತು. ಅಂತರ್ಜಲ ಉಳಿಸುವ ಅಟಲ್ ಭೂಜಲ ಯೋಜನೆ 2020ರಲ್ಲಿ ಶುರುವಾದಾಗ ಐದು ವರ್ಷಕ್ಕೆ ಅಂತಲೇ ರೂಪಿಸಿದ್ದು. ಇವುಗಳಲ್ಲಿ ನೂರಾರು ಪದವೀಧರರು ಗುತ್ತಿಗೆಯ ಮೇಲೆ ಒಳ್ಳೆಯ ಕೆಲಸ ಮಾಡಿದರು. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ನನಗೇ ಒಮ್ಮೆ ಹೀಗಾಗಿದೆ. ನಾನಿದ್ದ ಒಂದು ಸಂಸ್ಥೆಗೆ ಅನುದಾನ ನಿಂತು ಮೂರು ತಿಂಗಳು ಸಂಬಳ ಬರಲಿಲ್ಲ. ಮನೆಯಲ್ಲಿ ಮಗು ಚಿಕ್ಕದು. ಆಗ ನನ್ನನ್ನು ಕಾಪಾಡಿದ್ದು ಒಂದೇ ಸಂಗತಿ, ಓದಿನ ಸಾಲ ಇರಲಿಲ್ಲ. ಕಂತು ಇದ್ದಿದ್ದರೆ ನಾನು ಈ ಕ್ಷೇತ್ರ ಬಿಟ್ಟು ಬೇರೆ ಏನಾದರೂ ಮಾಡುತ್ತಿದ್ದೆ. ನಿಮ್ಮ ತೋಟದ ಪತ್ರದ ಬಗ್ಗೆ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಹಾಗಾದರೆ ಗುತ್ತಿಗೆ ಮುಗಿದ ಮೇಲೂ ಯಾರಿಗೆ ಮತ್ತೆ ಕೆಲಸ ಸಿಗುತ್ತದೆ? ಒಂದು ಸಂದರ್ಶನದ ಕತೆ ಹೇಳುತ್ತೇನೆ. ಹುದ್ದೆ ಒಂದು, ಬಂದವರು ಹದಿನಾಲ್ಕು ಜನ. ನಾನು ಎಲ್ಲರಿಗೂ ಕೇಳಿದ ಪ್ರಶ್ನೆ ಇಷ್ಟೆ: ಎರಡು ಎಕರೆ ಹೊಲ, ವರ್ಷಕ್ಕೆ 700 ಮಿಲಿಮೀಟರ್ ಮಳೆ, ಮೂಲೆಯಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೆಗೆದರೆ ತುಂಬುತ್ತಾ? ಹಲವರು ಮಳೆನೀರು ಕೊಯ್ಲಿನ ಮಹತ್ವದ ಬಗ್ಗೆ ಮಾತಾಡಿದರು. ಗುಡಿಬಂಡೆ ಕಡೆಯ ಒಬ್ಬ ಹುಡುಗಿ ಏನೂ ಮಾತಾಡಲಿಲ್ಲ. ಹಾಲ್ ಟಿಕೆಟಿನ ಜೆರಾಕ್ಸ್ ಹಾಳೆ ಮಗುಚಿ ಬರೆಯಲು ಶುರು ಮಾಡಿದಳು. ಒಂದು ಎಕರೆ ಅಂದರೆ 4,047 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಎಕರೆಗೆ 4,047 ಲೀಟರ್. ಎರಡು ಎಕರೆಗೆ 700 ಮಿಲಿಮೀಟರ್ ಅಂದರೆ ಸುಮಾರು 57 ಲಕ್ಷ ಲೀಟರ್. ತಲೆ ಎತ್ತಿ ಕೇಳಿದಳು, “ಮಣ್ಣು ಯಾವುದು ಸಾರ್, ಕೆಂಪಾ, ಎರೆಯಾ?” ಕೆಂಪು ಮಣ್ಣು ಅಂದೆ. “ಹಾಗಾದರೆ ಐದರಲ್ಲಿ ಒಂದು ಪಾಲು ಹರಿದು ಬರುತ್ತೆ ಅಂತ ಹಿಡಿತೀನಿ” ಅಂದಳು. 11 ಲಕ್ಷ ಲೀಟರ್ ಬಂತು. ಹೊಂಡಕ್ಕೆ ಹಿಡಿಯುವುದು 13 ಲಕ್ಷ ಲೀಟರ್ ಆಗುತ್ತಿತ್ತು, ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಗೋಡೆ ನೇರ ತೆಗೆದರೆ ಕುಸಿಯುತ್ತೆ, ಇಳಿಜಾರು ಬಿಡಬೇಕು, ಆಗ ಕೆಳಗೆ 15 ಮೀಟರ್ ಮಾತ್ರ ಉಳಿಯುತ್ತೆ ಅಂತ ಲೆಕ್ಕ ಬದಲಿಸಿ 10 ಲಕ್ಷ ಲೀಟರಿಗೆ ಸ್ವಲ್ಪ ಕಡಿಮೆ ಅಂತ ಬರೆದಳು. “ತುಂಬುತ್ತೆ ಸಾರ್. ಕೋಡಿಗೆ ಜಾಗ ಬಿಡಬೇಕು.”

ಆರು ನಿಮಿಷ ಹಿಡಿದಿರಬಹುದು. ಕೆಲಸ ಅವಳಿಗೇ ಕೊಟ್ಟೆವು. ಅವಳು ಓದಿದ್ದು ಸರ್ಕಾರಿ ಕಾಲೇಜಿನಲ್ಲಿ, ಮಾಮೂಲಿ ಬಿ.ಎಸ್ಸಿ. ಆ ಯೋಜನೆ ಮುಗಿದ ಮೇಲೆ ಬೇರೆ ಕಡೆ ಜಾಸ್ತಿ ಸಂಬಳಕ್ಕೆ ಹೋದಳು, ಈಗ ಇನ್ನೊಂದು ಕಡೆ. ಹಿಂದೆ ನಮ್ಮ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ಯಾವ ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅವನಿಗೆ ತಲೆಯಲ್ಲೇ ಲೆಕ್ಕ. ಊರು ಅವನಿಗೆ ಕಾಳು ಅಳೆದು ಕೊಡುತ್ತಿತ್ತು. ಇವತ್ತಿಗೂ ಈ ಕೆಲಸದಲ್ಲಿ ದುಡ್ಡು ಬರುವುದು ಲೆಕ್ಕ ಗೊತ್ತಿರುವವರಿಗೇ.

ಅದಕ್ಕೇ ಮಗಳು ಯಾವ ಕಾಲೇಜಿಗೆ ಸೇರಿದರೂ ಡಿಗ್ರಿಯ ಜೊತೆ ಒಂದು ಕೈಗೆಲಸ ಕಲಿಯಲಿ. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಪುಕ್ಕಟೆ. ಇಸ್ರೋದ ಭುವನ್‌ನಲ್ಲಿ ಉಪಗ್ರಹ ಚಿತ್ರಗಳೂ ಪುಕ್ಕಟೆ. ರಜೆಯಲ್ಲಿ ಕೂತು ನಿಮ್ಮ ಪಂಚಾಯಿತಿಯ ಕೆರೆ, ಕುಂಟೆ, ರಾಜಕಾಲುವೆ ಎಲ್ಲವನ್ನೂ ಗುರುತು ಮಾಡಿ ಒಂದು ನಕ್ಷೆ ತೆಗೆಯಲಿ. ಆ ಒಂದು ಹಾಳೆ ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಜಾಸ್ತಿ ಮಾತಾಡುತ್ತದೆ. ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಮಣ್ಣು ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ಹೋಗಿ ನೋಡಲಿ. ಸ್ನಾತಕೋತ್ತರ ಮಾಡಿ ನೆಟ್ ಪರೀಕ್ಷೆಯಲ್ಲಿ ಸಂಶೋಧನೆಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ಪಡೆದು ಪಿಎಚ್.ಡಿ.ಗೆ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ಕೊಡುತ್ತಾರೆ. ಓದುತ್ತಲೇ ಸಂಪಾದನೆ ಆಗುತ್ತದೆ. ಐಎಫ್‌ಎಸ್ ಆದರೆ ಮೂಲ ವೇತನವೇ 56,100ರಿಂದ ಶುರು. ಕನಸು ಕಾಣಲಿ, ಪರೀಕ್ಷೆ ಬರೆಯಲಿ. ಆದರೆ ಆ ಸಂಬಳವನ್ನು ಲೆಕ್ಕದಲ್ಲಿ ಇಟ್ಟುಕೊಂಡು ಸಾಲ ಮಾಡಬೇಡಿ.

ಹೆಣ್ಣು ಮಗು ಅಂತ ಕೇಳಿದಿರಿ. ನೀವು ಕೇಳಿದ್ದು ತಪ್ಪಲ್ಲ, ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಐಎಫ್‌ಎಸ್‌ಗೆ ನಾಲ್ಕು ಗಂಟೆಯಲ್ಲಿ ಗಂಡಸರು 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆಯಬೇಕು. ತೋಟದಲ್ಲಿ ಓಡಾಡಿ ಬೆಳೆದವಳಿಗೆ ಅದು ದೊಡ್ಡದಲ್ಲ. ಹೊಲದ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ನಿಜವಾದ ಕಷ್ಟ ಅಂದರೆ ಸಂಜೆ ಬಸ್ಸು, ಹಳ್ಳಿಯಲ್ಲಿ ಶೌಚಾಲಯ, ಒಬ್ಬಳೇ ಹೋಗಬೇಕಾದ ಜಾಗ. ಸಂಸ್ಥೆಗೆ ಸೇರುವ ಮೊದಲು ಗಾಡಿ ಕೊಡುತ್ತಾರಾ, ಜೊತೆಗೆ ಯಾರು ಬರುತ್ತಾರೆ ಅಂತ ಸಂಬಳ ಕೇಳಿದಷ್ಟೇ ಧೈರ್ಯವಾಗಿ ಕೇಳಬೇಕು. ನಾನು ನೋಡಿದ ಮಟ್ಟಿಗೆ ಊರಿನ ಹೆಂಗಸರ ಜೊತೆ ಕೂತು ನೀರಿನ ಲೆಕ್ಕ ಮಾಡುವ ಕೆಲಸದಲ್ಲಿ ಹುಡುಗಿಯರೇ ಮುಂದೆ.

ಆ ಖಾಸಗಿ ವಿಶ್ವವಿದ್ಯಾಲಯದವರು ಮತ್ತೆ ಬಂದರೆ ಬಾಗಿಲಲ್ಲೇ ನಿಲ್ಲಿಸಬೇಡಿ. ಕೂರಿಸಿ, ಕಾಫಿ ಕೊಟ್ಟು ಕೇಳಿ. ಕೋರ್ಸಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಮಾನ್ಯತೆ ಇದೆಯಾ? ಹೋದ ವರ್ಷ ಮುಗಿಸಿದವರಲ್ಲಿ ಐದು ಜನರ ಜೊತೆ ಫೋನಿನಲ್ಲಿ ಮಾತಾಡಿಸುತ್ತೀರಾ? ಅವರು ಈಗ ಏನು ಕೆಲಸದಲ್ಲಿದ್ದಾರೆ, ಕೈಗೆ ಎಷ್ಟು ಬರುತ್ತದೆ? ಕೆಲಸ ಗ್ಯಾರಂಟಿ ಅಂದದ್ದನ್ನು ಲೆಟರ್‌ಹೆಡ್ ಮೇಲೆ ಬರೆದು ಕೊಡುತ್ತೀರಾ? ಉತ್ತರ ಹೇಗೆ ಬರುತ್ತದೆ ನೋಡಿ.

ಈ ವಾರ ಮಾಡಬೇಕಾದ ಕೆಲಸ ಮೂರು. ಆಪ್ಷನ್ ಎಂಟ್ರಿಗೆ ಶಿರಸಿ, ಪೊನ್ನಂಪೇಟೆ, ಜಿಕೆವಿಕೆ, ಚಿಂತಾಮಣಿ, ಟಮಕ ಎಲ್ಲವನ್ನೂ ಮಗಳ ಇಷ್ಟದ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ. ಕೃಷಿಕರ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಸರಿಯಾಗಿವೆಯಾ, ಹೆಸರಿನ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇದೆಯಾ ನೋಡಿ. ಸಣ್ಣ ತಪ್ಪಿಗೆ ಸೀಟು ಕೈ ತಪ್ಪಿದ್ದನ್ನು ಕಂಡಿದ್ದೇನೆ. ಆಮೇಲೆ ಮಗಳಿಗೆ ಒಂದು ಹಾಳೆ, ಒಂದು ಪೆನ್ನು ಕೊಟ್ಟು ನಿಮ್ಮ ನಾಲ್ಕು ಎಕರೆಯ ಮಳೆ ಲೆಕ್ಕ ಮಾಡಲು ಹೇಳಿ. ಬತ್ತಿರುವ ಬೋರಿನ ಪಕ್ಕ ಇಂಗುಗುಂಡಿ ಎಲ್ಲಿ ತೆಗೆಯಬಹುದು ಅಂತಲೂ ಗುರುತು ಹಾಕಲಿ. ಆ ಹಾಳೆಯ ಫೋಟೊ ನನಗೆ ಕಳಿಸಿ, ತಪ್ಪಿದ್ದರೆ ತಿದ್ದಿ ಕಳಿಸುತ್ತೇನೆ.